ಹಳೆ ಪಿಸಿಯಲ್ಲಿ ಡೆಬಿಯನ್ ಫೈರ್‌ವಾಲ್ ರೂಟರ್: ಯೂಟ್ಯೂಬ್ ಓಡ್ತದೆ, ಸರಕಾರಿ ಪೋರ್ಟಲ್ ತೆರೆಯುವುದಿಲ್ಲ

ಲ್ಯಾಬ್‌ಮಾಷ್ಟ್ರು_ಪೆರ್ಲ

ಶಾಲೆಯ ಲ್ಯಾಬಿಗೆ ಹಳೆ ಡೆಸ್ಕ್‌ಟಾಪೊಂದನ್ನು ರೂಟರ್ ಮಾಡಿದ್ದು. ಡ್ಯುಯಲ್ ಕೋರ್, 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಮದರ್‌ಬೋರ್ಡಿನ ಗಿಗಾಬಿಟ್ ಪೋರ್ಟ್ ಒಳಗಿನ ಸ್ವಿಚ್ಚಿಗೆ, ಹೊಸದಾಗಿ ಹಾಕಿದ ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡ್ ಹೊರಗಿನ ಓಎನ್‌ಟಿಗೆ (ಫೈಬರ್ ಬಂದು ಸೇರುವ ಡಬ್ಬ). ಡೆಬಿಯನ್ 12 (ಲಿನಕ್ಸ್), ಎನ್‌ಎಫ್‌ಟೇಬಲ್ಸ್ (ಫೈರ್‌ವಾಲ್), ಡಿಎನ್‌ಎಸ್‌ಮಾಸ್ಕ್ (ಮೆಷಿನ್ನಿಗೆ ವಿಳಾಸ ಹಂಚಿ, ಸೈಟಿನ ಹೆಸರು ಬಿಡಿಸಿ ಕೊಡುವುದು). ಫೈಬರ್ 100 ಎಂಬಿಪಿಎಸ್, ಓಎನ್‌ಟಿ ಬ್ರಿಜ್ ಮೋಡಿನಲ್ಲಿ ಉಂಟು (ತಾನು ರೂಟರ್ ಆಗದೆ ಸುಮ್ಮನೆ ದಾಟಿಸುವುದು), ಪಿಪಿಪಿಓಇ (ಇಂಟರ್ನೆಟ್ ಕಂಪೆನಿಗೆ ಲಾಗಿನ್ ಆಗುವ ವಿಧಾನ) ಡಯಲ್ ಆಗುವುದು ಡೆಬಿಯನ್ನಿಂದ. ಒಳಗೆ ಇಪ್ಪತ್ತೆರಡು ಮೆಷಿನ್, ಎಲ್ಲದರಲ್ಲೂ ಕೈಟ್ ಗ್ನೂ/ಲಿನಕ್ಸ್ (ಕೇರಳದ ಶಾಲೆಗಳ ಲಿನಕ್ಸ್).

ತೊಂದರೆ ಮೂರು. ಒಂದು, ಯೂಟ್ಯೂಬ್ ಮತ್ತು ಸರ್ಚ್ ಚೆನ್ನಾಗಿ ಬರ್ತದೆ, ಆದರೆ ಕೆಲವು ಬ್ಯಾಂಕಿನ ಸೈಟ್ ಮತ್ತು ಸರಕಾರಿ ಪೋರ್ಟಲ್ ಸುತ್ತುತ್ತಾ ಇರ್ತದೆ, ತೆರೆಯುವುದೇ ಇಲ್ಲ. ರೂಟರಿನಲ್ಲೇ ಕೂತು ನೋಡಿದರೆ ಅದೇ ಸೈಟ್ ಬರ್ತದೆ. ಎರಡು, ಕರೆಂಟು ಹೋಗಿ ಬಂದ ಮೇಲೆ ಇಂಟರ್ನೆಟ್ ಇಲ್ಲ; ಕೈಯಿಂದ ಎನ್‌ಎಫ್‌ಟೇಬಲ್ಸ್ ಸರ್ವಿಸ್ ರಿಸ್ಟಾರ್ಟ್ ಮಾಡಿದ ಮೇಲೆ ಸರಿ. ಮೂರು, ನಾಲ್ಕೈದು ಮೆಷಿನ್ನಿಗೆ ಮಾತ್ರ ಆಗಾಗ 192.168.0 ಸಾಲಿನ ವಿಳಾಸ ಬರ್ತದೆ. ನಾನು ಕೊಟ್ಟದ್ದು 192.168.50.

ಫಾರ್ವರ್ಡ್ ಚೈನಿನ (ರೂಟರ್ ದಾಟಿ ಹೋಗುವ ಪ್ಯಾಕೆಟ್ಟಿನ ರೂಲ್ ಪಟ್ಟಿ) ಕ್ರಮ: ಪಾಲಿಸಿ ಡ್ರಾಪ್; ನಂತರ ಎಸ್ಟಾಬ್ಲಿಷ್ಡ್, ರಿಲೇಟೆಡ್ ಅಕ್ಸೆಪ್ಟ್; ನಂತರ ಒಳಗಿನ ಕಾರ್ಡಿನಿಂದ ಪಿಪಿಪಿ0ಗೆ (ಡಯಲ್ ಆದ ಮೇಲೆ ಹುಟ್ಟುವ ಹೊರಗಿನ ಕೊಂಡಿ) ಅಕ್ಸೆಪ್ಟ್; ಕೊನೆಗೆ ಎಂಎಸ್‌ಎಸ್ ಕ್ಲ್ಯಾಂಪ್ ಸಾಲು (ಒಂದು ಟಿಸಿಪಿ ಪ್ಯಾಕೆಟ್ಟಿನಲ್ಲಿ ಹಿಡಿಸುವ ಮಾಹಿತಿಗೆ ಮಿತಿ ಹಾಕುವುದು).

ಮುರಕಲ್ಲು

ಮಾಷ್ಟ್ರೆ, ಮೊದಲನೆಯದಕ್ಕೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಉಂಟು. ಕ್ಲ್ಯಾಂಪ್ ಸಾಲು ಬರೆದಿದ್ದೀರಿ, ಆದರೆ ಅಲ್ಲಿಯ ತನಕ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ಎನ್‌ಎಫ್‌ಟೇಬಲ್ಸ್‌ನಲ್ಲಿ ಅಕ್ಸೆಪ್ಟ್ ಸಿಕ್ಕಿದ ಕೂಡಲೇ ಆ ಚೈನಿನ ಓದು ಅಲ್ಲಿಗೆ ನಿಂತಿತು.

ಲೆಕ್ಕ ಹೀಗೆ. ಈಥರ್ನೆಟ್ಟಿನ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1500 ಬೈಟ್. ಪಿಪಿಪಿಓಇ ಅದರಲ್ಲಿ 8 ಬೈಟ್ ತಿನ್ನುತ್ತದೆ, ಉಳಿದದ್ದು 1492. ಐಪಿ ಹೆಡರ್ 20, ಟಿಸಿಪಿ ಹೆಡರ್ 20 ಕಳೆದರೆ ಎಂಎಸ್‌ಎಸ್ 1452 ಇರಬೇಕು. ಐಪಿವಿ6ಗೆ ಹೆಡರ್ 40, ಹಾಗಾಗಿ 1432. ಲ್ಯಾಬಿನ ಮೆಷಿನ್ನಿಗೆ ಈ ವಿಷಯ ಗೊತ್ತಿಲ್ಲ, ಅದು 1460 ಎಂದೇ ಹೇಳಿಕೊಂಡು ಹೋಗ್ತದೆ. ಆಚೆಯ ಸರ್ವರ್ 1500ರ ಪ್ಯಾಕೆಟ್ ಕಳಿಸ್ತದೆ, ಪಿಪಿಪಿಓಇ ಕೊಂಡಿಯಲ್ಲಿ ಅದು ಹಿಡಿಸುವುದಿಲ್ಲ. ‘ಸಣ್ಣದು ಮಾಡು’ ಎಂಬ ಐಸಿಎಂಪಿ ಸಂದೇಶ ಸರ್ವರಿಗೆ ಹೋಗಬೇಕು. ಅದನ್ನು ದಾರಿಯಲ್ಲಿ ಯಾರೋ ತಡೆದಿದ್ದರೆ ಸರ್ವರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸ್ತಾ ಕೂರ್ತದೆ. ಬ್ರೌಸರಿನಲ್ಲಿ ಚಕ್ರ ಸುತ್ತುವುದು ಅದೇ.

ಯೂಟ್ಯೂಬ್ ಯಾಕೆ ಓಡ್ತದೆ ಅಂದರೆ ಅದು ಹೆಚ್ಚಾಗಿ ಕ್ವಿಕ್‌ನಲ್ಲಿ, ಅಂದರೆ ಯುಡಿಪಿಯ ಮೇಲೆ ಬರ್ತದೆ. ಕ್ವಿಕ್ 1200 ಬೈಟಿನ ಆಸುಪಾಸಿನಲ್ಲಿ ಶುರು ಮಾಡಿ, ದಾರಿ ಎಷ್ಟು ಅಗಲ ಉಂಟು ಎಂದು ತಾನೇ ನೋಡಿಕೊಳ್ತದೆ. ರೂಟರಿನಲ್ಲೇ ಕೂತರೆ ಎಲ್ಲ ಬರುವುದಕ್ಕೂ ಕಾರಣ ಉಂಟು: ಅಲ್ಲಿ ಕರ್ನಲ್ಲಿಗೆ ಪಿಪಿಪಿ0ಯ 1492 ನೇರ ಗೊತ್ತು.

ಪರೀಕ್ಷೆ ಲ್ಯಾಬಿನ ಮೆಷಿನ್ನಿಂದಲೇ ಮಾಡಿ. ಪಿಂಗ್‌ಗೆ ‘ಮೈನಸ್ ದೊಡ್ಡ ಎಂ, ಡು’ ಮತ್ತು ‘ಮೈನಸ್ ಎಸ್, 1464’ ಕೊಟ್ಟು ಹೊರಗಿನ ಯಾವುದಾದರೂ ವಿಳಾಸಕ್ಕೆ ಹಾಕಿ. 1464ಕ್ಕೆ 28 ಸೇರಿದರೆ 1492, ಹೋಗಬೇಕು. 1465 ಹೋಗಬಾರದು. 1464 ಕೂಡ ಹೋಗದೆ 1440, 1430 ಎಂದು ಇಳಿಸಿದಾಗ ಮಾತ್ರ ಹೋದರೆ ನಡುವೆ ಇನ್ನೊಂದು ಟನೆಲ್ ಉಂಟು. ಆಗ ಪಿಪಿಪಿ0ಯ ಎಂಟಿಯುವನ್ನೇ ಅಷ್ಟಕ್ಕೆ ಇಳಿಸಬೇಕಾಗ್ತದೆ.

ಪರಿಹಾರ: ಕ್ಲ್ಯಾಂಪ್ ಸಾಲನ್ನು ಫಾರ್ವರ್ಡ್ ಚೈನಿನ ತಲೆಗೆ ತನ್ನಿ, ಎಸ್ಟಾಬ್ಲಿಷ್ಡ್ ಸಾಲಿಗಿಂತಲೂ ಮೇಲೆ. 1452 ಎಂದು ಕೈಯಿಂದ ಬರೆಯಬೇಡಿ, ‘ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’ ಸಾಕು, ಐಪಿವಿ6ಗೂ ಅದೇ ಲೆಕ್ಕ ಹಾಕಿಕೊಳ್ತದೆ.

ಲ್ಯಾಬ್‌ಮಾಷ್ಟ್ರು_ಪೆರ್ಲ

ಎಸ್ಟಾಬ್ಲಿಷ್ಡ್‌ಗಿಂತಲೂ ಮೇಲೆ ಯಾಕೆ? ಸಿನ್ ಪ್ಯಾಕೆಟ್ (ಕನೆಕ್ಷನ್ ಶುರು ಮಾಡುವುದು) ಹೇಗೂ ಹೊಸ ಕನೆಕ್ಷನ್ ಅಲ್ವಾ, ಅದರ ಕೆಳಗೆ ಇದ್ದರೂ ಸಿಗಬೇಕಲ್ಲ?

ಮುರಕಲ್ಲು

ಹೋಗುವ ಸಿನ್ ಹೊಸದು, ಸರಿ. ತಿರುಗಿ ಬರುವ ಸಿನ್-ಅಕ್ ಕನೆಕ್ಷನ್ ಟ್ರ್ಯಾಕಿಂಗಿನ ಕಣ್ಣಿಗೆ ಆಗಲೇ ಎಸ್ಟಾಬ್ಲಿಷ್ಡ್. ಅದು ಮೇಲಿನ ಸಾಲಿನಲ್ಲೇ ಅಕ್ಸೆಪ್ಟ್ ಆಗಿ ದಾಟಿ ಹೋದರೆ ಅರ್ಧ ಕೆಲಸ ಮಾತ್ರ ಆದ ಹಾಗೆ: ಡೌನ್‌ಲೋಡ್ ಸರಿಯಾಗ್ತದೆ, ಅಪ್‌ಲೋಡಿಗೆ ಲ್ಯಾಬಿನ ಮೆಷಿನ್ ಪುನಃ 1500ರ ಪ್ಯಾಕೆಟ್ಟೇ ಕಳಿಸ್ತದೆ. ಆಗ ‘ಸಣ್ಣದು ಮಾಡು’ ಎಂದು ಹೇಳಬೇಕಾದ್ದು ನಿಮ್ಮ ರೂಟರೇ. ಔಟ್‌ಪುಟ್ ಚೈನಿನಲ್ಲಿ ಐಸಿಎಂಪಿಯನ್ನು ಯಾರಾದರೂ ‘ಸುರಕ್ಷತೆಗೆ’ ಎಂದು ಮುಚ್ಚಿದ್ದರೆ ಮಕ್ಕಳ ಫೋಟೊ ಅಪ್‌ಲೋಡ್ ಅರ್ಧದಲ್ಲಿ ನಿಲ್ತದೆ. ಐಸಿಎಂಪಿ ಪೂರ್ತಿ ಮುಚ್ಚುವುದು ಎಲ್ಲಿಂದ ಬಂದ ಪದ್ಧತಿಯೋ ಗೊತ್ತಿಲ್ಲ, ಅದರಿಂದ ಲಾಭಕ್ಕಿಂತ ಲುಕ್ಸಾನೇ ಜಾಸ್ತಿ. ಐಪಿವಿ6ನಲ್ಲಿ ಐಸಿಎಂಪಿವಿ6 ಮುಚ್ಚಿದರಂತೂ ನೆರೆಯ ಮೆಷಿನ್ನನ್ನು ಹುಡುಕುವ ಕೆಲಸವೇ ನಿಂತು ಹೋಗ್ತದೆ.

ಪಯಸ್ವಿನಿ

ಎರಡನೇ ತೊಂದರೆ ಮೊದಲನೆಯದಕ್ಕಿಂತ ದೊಡ್ಡದು. ಇಂಟರ್ನೆಟ್ ಇಲ್ಲ ಎಂಬುದಲ್ಲ ವಿಷಯ, ಆ ಹೊತ್ತಿಗೆ ನಿಮ್ಮ ಫೈರ್‌ವಾಲೇ ಇಲ್ಲ.

ರೂಲಿನಲ್ಲಿ ‘ಐಐಎಫ್’, ‘ಓಐಎಫ್’ ಎಂದು ಬರೆದಿದ್ದೀರಾ ನೋಡಿ. ಅದು ಇಂಟರ್ಫೇಸಿನ ಹೆಸರನ್ನು ಲೋಡ್ ಆಗುವ ಹೊತ್ತಿಗೇ ಒಂದು ನಂಬರಿಗೆ ಬದಲಿಸ್ತದೆ. ಬೂಟ್ ಆಗುವಾಗ ಎನ್‌ಎಫ್‌ಟೇಬಲ್ಸ್ ಸರ್ವಿಸ್ ಮೊದಲು ಏಳ್ತದೆ, ಪಿಪಿಪಿ0 ಹುಟ್ಟುವುದು ಡಯಲ್ ಆದ ಮೇಲೆ. ಇಲ್ಲದ ಇಂಟರ್ಫೇಸಿಗೆ ನಂಬರ್ ಎಲ್ಲಿಂದ ಬರಬೇಕು? ಎರರ್ ಬರ್ತದೆ. ಒಂದು ಸಾಲು ತಪ್ಪಿದರೆ ಆ ಸಾಲು ಮಾತ್ರ ಬಿಡುವ ಪದ್ಧತಿ ಎನ್‌ಎಫ್‌ಟೇಬಲ್ಸ್‌ನಲ್ಲಿ ಇಲ್ಲ. ಇಡೀ ಫೈಲ್ ಒಂದೇ ಏಟಿಗೆ ಲೋಡ್ ಆಗಬೇಕು, ಇಲ್ಲದಿದ್ದರೆ ಏನೂ ಆಗುವುದಿಲ್ಲ. ರೂಲ್ ಇಲ್ಲದ ಕರ್ನಲ್ ಎಲ್ಲವನ್ನೂ ಒಳಗೆ ಬಿಡ್ತದೆ. ಮಾಸ್ಕರೇಡ್ (ಒಳಗಿನ ವಿಳಾಸವನ್ನು ರೂಟರಿನ ಹೊರಗಿನ ವಿಳಾಸಕ್ಕೆ ಬದಲಿಸುವ ರೂಲ್) ಇಲ್ಲದ ಕಾರಣ ಲ್ಯಾಬಿಗೆ ಇಂಟರ್ನೆಟ್ ಇಲ್ಲ, ಅದು ನಿಮಗೆ ಕಾಣ್ತದೆ. ಕಾಣದೆ ಇರುವುದು ಏನೆಂದರೆ ರೂಟರಿನ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮತ್ತು ಡಿಎನ್‌ಎಸ್ ಎರಡೂ ಹೊರಗಿನ ಕಡೆಗೆ ಬಾಗಿಲು ತೆರೆದು ಕೂತಿರುವುದು.

‘ಐಐಎಫ್‌ನೇಮ್’, ‘ಓಐಎಫ್‌ನೇಮ್’ ಎಂದು ಬದಲಿಸಿ. ಅದು ಪ್ರತಿ ಪ್ಯಾಕೆಟ್ಟಿಗೂ ಹೆಸರನ್ನೇ ಹೋಲಿಸ್ತದೆ, ಇಂಟರ್ಫೇಸ್ ಆಮೇಲೆ ಬಂದರೂ ಚಿಂತೆ ಇಲ್ಲ. ಲೂಪ್‌ಬ್ಯಾಕಿಗೆ ಮಾತ್ರ ‘ಐಐಎಫ್ ಎಲ್‌ಓ’ ಇರಲಿ, ಅದು ಯಾವಾಗಲೂ ಇರ್ತದೆ. ಬದಲಾವಣೆ ಮಾಡಿದ ಮೇಲೆ ‘ಎನ್‌ಎಫ್‌ಟಿ ಮೈನಸ್ ಸಿ ಮೈನಸ್ ಎಫ್’ ಕೊಟ್ಟು ಫೈಲ್ ತೋರಿಸಿದರೆ ಲೋಡ್ ಮಾಡದೆ ತಪ್ಪು ಮಾತ್ರ ಹುಡುಕಿ ಹೇಳ್ತದೆ. ಪಿಪಿಪಿ0 ಎದ್ದಿರುವಾಗ ಪರೀಕ್ಷೆ ಮಾಡಿ ಸರಿ ಉಂಟು ಎಂದುಕೊಳ್ಳಬೇಡಿ. ಡಯಲ್ ನಿಲ್ಲಿಸಿ ಒಮ್ಮೆ ಮಾಡಿ.

ಫ್ಲೋಟೇಬಲ್ (ಫಾರ್ವರ್ಡಿಂಗ್ ವೇಗ ಮಾಡುವ ಸೌಕರ್ಯ) ಹಾಕಿದವರಿಗೂ ಇದೇ ಗುಂಡಿ. ಅದರ ಡಿವೈಸ್ ಪಟ್ಟಿಯಲ್ಲಿ ಪಿಪಿಪಿ0 ಬರೆದರೆ ಬೂಟಿನಲ್ಲಿ ಇಡೀ ಫೈಲ್ ಬೀಳ್ತದೆ. 100 ಎಂಬಿಪಿಎಸ್‌ಗೆ ಫ್ಲೋಟೇಬಲ್ ಬೇಡವೇ ಬೇಡ, ಆ ಹಳೆ ಪ್ರೊಸೆಸರಿಗೂ ಅಷ್ಟು ವೇಗ ಹೊರೆಯಲ್ಲ.

ಮತ್ತೆ ಕಾರ್ಡಿನ ಹೆಸರು. ಇನ್ನೊಂದು ಕಾರ್ಡ್ ಸ್ಲಾಟಿಗೆ ಹಾಕಿದರೆ ‘ಇಎನ್‌ಪಿ2ಎಸ್0’ ಇದ್ದದ್ದು ‘ಇಎನ್‌ಪಿ3ಎಸ್0’ ಆಗಬಹುದು. ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಡಾಟ್ ಲಿಂಕ್ ಫೈಲ್ ಎರಡು ಮಾಡಿ, ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ಗುರುತು) ನೋಡಿ ಒಂದಕ್ಕೆ ‘ಒಳಗೆ0’, ಇನ್ನೊಂದಕ್ಕೆ ‘ಹೊರಗೆ0’ ಎಂಬ ಅರ್ಥ ಬರುವ ಹೆಸರು ಕೊಡಿ (ಇಂಗ್ಲಿಷ್ ಅಕ್ಷರದಲ್ಲೇ, 15 ಅಕ್ಷರ ಮೀರದ ಹಾಗೆ).

ಕೇಬಲ್_ಕುಂಬಳೆ

ಕರೆಂಟಿನ ವಿಷಯಕ್ಕೆ ಇನ್ನೊಂದು ಸೇರಿಸ್ತೇನೆ. ಓಎನ್‌ಟಿ ಎದ್ದು ಫೈಬರಿನಲ್ಲಿ ರಿಜಿಸ್ಟರ್ ಆಗ್ಲಿಕ್ಕೆ ಒಂದೆರಡು ನಿಮಿಷ ಬೇಕು. ಎಸ್‌ಎಸ್‌ಡಿಯ ಪಿಸಿ ಅರ್ಧ ನಿಮಿಷದಲ್ಲಿ ಎದ್ದು ಡಯಲ್ ಶುರು ಮಾಡ್ತದೆ. ಡಯಲ್ ಮಾಡುವ ಪ್ರೋಗ್ರಾಂ ಪಿಪಿಪಿಡಿಯ ಡೀಫಾಲ್ಟ್ ‘ಮ್ಯಾಕ್ಸ್‌ಫೇಲ್’ 10. ಸಾಲಾಗಿ ಹತ್ತು ಸಲ ಸೋತರೆ ಅದು ಕೈಬಿಡ್ತದೆ. ಅದರ ಪಿಯರ್ಸ್ (ಸೆಟ್ಟಿಂಗಿನ) ಫೈಲಿನಲ್ಲಿ ‘ಪರ್ಸಿಸ್ಟ್’, ‘ಮ್ಯಾಕ್ಸ್‌ಫೇಲ್ 0’, ‘ಹೋಲ್ಡ್‌ಆಫ್ 20’ ಮೂರೂ ಇರಲಿ. ಜತೆಗೆ ‘ಎಲ್‌ಸಿಪಿ ಎಕೋ ಇಂಟರ್ವಲ್ 10’, ‘ಎಲ್‌ಸಿಪಿ ಎಕೋ ಫೇಲ್ಯರ್ 6’. ಲೈನ್ ಸತ್ತದ್ದು ಒಂದು ನಿಮಿಷದಲ್ಲಿ ಗೊತ್ತಾಗ್ತದೆ. ಬಯೋಸಿನಲ್ಲಿ ಎಸಿ ಪವರ್ ಲಾಸ್ ಎಂದಿರುವಲ್ಲಿ ‘ಪವರ್ ಆನ್’ ಇಡಿ, ಇಲ್ಲಾಂದ್ರೆ ಪ್ರತಿ ಸಲ ಯಾರಾದರೂ ಹೋಗಿ ಗುಂಡಿ ಒತ್ತಬೇಕು.

ಡಯಲ್ ಆಗದಿದ್ದರೆ ಊಹೆ ಬೇಡ. ಹೊರಗಿನ ಕಾರ್ಡಿನ ಮೇಲೆ ಟಿಸಿಪಿಡಂಪ್ ‘ಮೈನಸ್ ಇ’ ಜತೆ ಹಾಕಿ ‘ಪಿಪಿಪಿಓಇಡಿ’ ಎಂದು ಫಿಲ್ಟರ್ ಕೊಡಿ. ಪಿಎಡಿಐ (ಸರ್ವರನ್ನು ಹುಡುಕುವ ಕೂಗು) ಹೋಗ್ತಾ ಉಂಟು, ಪಿಎಡಿಓ (ಅದರ ಉತ್ತರ) ಬರ್ತಾ ಇಲ್ಲ ಅಂದರೆ ವಿಲ್ಯಾನ್ ನಂಬರ್ ತಪ್ಪು, ಅಥವಾ ಓಎನ್‌ಟಿ ನಿಜವಾಗಿ ಬ್ರಿಜ್ ಆಗಿಲ್ಲ, ಅಥವಾ ಬ್ರಿಜ್ ಆದದ್ದು ಬೇರೆ ಲ್ಯಾನ್ ಪೋರ್ಟಿಗೆ. ಕೆಲವು ಓಎನ್‌ಟಿಯಲ್ಲಿ ಒಂದೇ ಪೋರ್ಟ್ ಬ್ರಿಜ್ ಆಗಿರ್ತದೆ, ಉಳಿದದ್ದು ರೂಟರ್ ಮೋಡಿನಲ್ಲೇ ಇರ್ತದೆ. ಪಿಎಡಿಎಸ್ (ಸೆಷನ್ ಒಪ್ಪಿದ ಉತ್ತರ) ತನಕ ಬಂದು ಆಮೇಲೆ ಬಿದ್ದರೆ ಯೂಸರ್‌ನೇಮ್, ಪಾಸ್‌ವರ್ಡ್, ಅಥವಾ ಮ್ಯಾಕ್ ಬೈಂಡಿಂಗ್. ಹಳೆ ರೂಟರಿನ ಮ್ಯಾಕ್ ಇಂಟರ್ನೆಟ್ ಕಂಪೆನಿಯವರಲ್ಲಿ ಕಟ್ಟಿ ಹಾಕಿದ್ದರೆ ಫೋನ್ ಮಾಡಿ ಬಿಡಿಸಿಕೊಳ್ಳಿ. ಕರೆಂಟು ಫಕ್ಕನೆ ಹೋದಾಗ ಹಳೆ ಸೆಷನ್ ಅವರ ಕಡೆಯಲ್ಲಿ ಸ್ವಲ್ಪ ಹೊತ್ತು ಜೀವಂತ ಇರ್ತದೆ. ಆ ಹೊತ್ತಿನಲ್ಲಿ ಲಾಗಿನ್ ತಿರಸ್ಕಾರ ಆದರೆ ಪಾಸ್‌ವರ್ಡ್ ಬದಲಿಸ್ಲಿಕ್ಕೆ ಹೋಗಬೇಡಿ, ಕಾಯಿರಿ.

ಡಯಲ್ ಆಗಿ ಪಿಪಿಪಿ0ಗೆ ವಿಳಾಸ ಬಂದಿದೆ, ಆದರೂ ಏನೂ ಹೋಗ್ತಾ ಇಲ್ಲ ಅಂದರೆ ‘ಐಪಿ ರೂಟ್’ ನೋಡಿ. ಹೊರಗಿನ ಕಾರ್ಡಿಗೆ ಡಿಎಚ್‌ಸಿಪಿ (ವಿಳಾಸ ತಾನಾಗಿ ಸಿಗುವ ವ್ಯವಸ್ಥೆ) ಬಿಟ್ಟಿದ್ದರೆ ಓಎನ್‌ಟಿಯೇ ಒಂದು ಡೀಫಾಲ್ಟ್ ರೂಟ್ ಕೊಟ್ಟಿರಬಹುದು. ಪಿಪಿಪಿಡಿ ಮೊದಲೇ ಇರುವ ಡೀಫಾಲ್ಟ್ ರೂಟನ್ನು ಸುಮ್ಮನೆ ಬದಲಿಸುವುದಿಲ್ಲ, ಲಾಗಿನಲ್ಲಿ ಒಂದು ಸಾಲು ಬರೆದು ಬಿಡ್ತದೆ. ಆ ಕಾರ್ಡಿನ ಡಿಎಚ್‌ಸಿಪಿ ತೆಗೆಯಿರಿ.

ಕಂಗಿನಡಿ

ಮೂರನೆಯದು ಸುಲಭ: ಲ್ಯಾಬಿನಲ್ಲಿ ಎಲ್ಲೋ ಒಂದು ಹಳೆ ವೈಫೈ ರೂಟರ್ ಸ್ವಿಚ್ಚಿಗೆ ಲ್ಯಾನ್ ಪೋರ್ಟಿನಲ್ಲಿ ಸಿಕ್ಕಿಸಿ ಉಂಟು, ಅದರ ಡಿಎಚ್‌ಸಿಪಿ ಆಫ್ ಆಗಿಲ್ಲ. ಯಾರು ಮೊದಲು ಉತ್ತರ ಕೊಟ್ಟರೋ ಅವರ ವಿಳಾಸ ಮೆಷಿನ್ನಿಗೆ. ತಪ್ಪು ವಿಳಾಸ ಬಂದ ಮೆಷಿನ್ನಲ್ಲಿ ‘ಐಪಿ ನೇಬರ್’ ಕೊಟ್ಟು ಗೇಟ್‌ವೇಯ ಮ್ಯಾಕ್ ನೋಡಿ, ಡಬ್ಬದ ಅಡಿಯ ಸ್ಟಿಕ್ಕರಿನ ಜತೆ ತಾಳೆ ಹಾಕಿ.

ಆ ರೂಟರಿಗೆ 192.168.50.2 ಕೊಟ್ಟು, ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ಪೋರ್ಟಿನಲ್ಲೇ ಬಿಟ್ಟರೆ ಆಕ್ಸೆಸ್ ಪಾಯಿಂಟ್ ಆಗ್ತದೆ. ಮುರಕಲ್ಲಿನ ಗೋಡೆ ಎರಡು ದಾಟಿದರೆ 5 ಗಿಗಾಹರ್ಟ್ಸ್ ಬರುವುದಿಲ್ಲ, ಅದರ ಆಸೆ ಬೇಡ. ಸ್ಟಾಫ್ ರೂಮಿಗೆ ಕೇಬಲ್ ಎಳೆದು ಇನ್ನೊಂದು ಇಡಿ.

ಮುರಕಲ್ಲು

ನನ್ನ ಹೆಸರನ್ನು ಅಷ್ಟು ದೂಷಿಸಬೇಡಿ ಮಾರಾಯ್ರೆ 😀

ಕಂಗಿನಡಿ

ಇನ್ನು ನನ್ನ ತಕರಾರು. ಮಾಷ್ಟ್ರಿಗೆ ನಾಳೆ ವರ್ಗ ಆದರೆ ಈ ಡೆಬಿಯನ್ ಯಾರು ನೋಡುವುದು? ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆಂದೇ ಇರುವ ಲಿನಕ್ಸ್) ಹಾಕಿ ಎಂದು ನಾನು ಹೇಳ್ತೇನೆ. ಮೇಲೆ ಚರ್ಚೆ ಆದದ್ದರಲ್ಲಿ ಅರ್ಧ ಅಲ್ಲಿ ಬರುವುದೇ ಇಲ್ಲ. ವ್ಯಾನ್ ಝೋನಿಗೆ ಎಂಎಸ್‌ಎಸ್ ಕ್ಲ್ಯಾಂಪ್ ಡೀಫಾಲ್ಟಾಗಿ ಆನ್. 22.03ರಿಂದ ಅದರ ಫೈರ್‌ವಾಲ್ ಕೂಡ ಎನ್‌ಎಫ್‌ಟೇಬಲ್ಸೇ, ರೂಲ್ ಬರೆಯುವಾಗ ಇಂಟರ್ಫೇಸಿನ ಹೆಸರೇ ಹಾಕ್ತದೆ. ಬ್ರೌಸರಿನಲ್ಲಿ ನೋಡಬಹುದು, ಬ್ಯಾಕಪ್ ಒಂದು ಸಣ್ಣ ಫೈಲ್.

ಹಾಕುವವರಿಗೆ ನಾಲ್ಕು ಮಾತು. ಹಳೆ ಬಯೋಸ್ ಇದ್ದರೆ ಇಎಫ್‌ಐ ಇಲ್ಲದ ‘ಕಂಬೈಂಡ್’ ಇಮೇಜ್, ಹೊಸದಾದರೆ ‘ಕಂಬೈಂಡ್ ಇಎಫ್‌ಐ’. ಇಎಕ್ಸ್‌ಟಿ4 ಬೇಡ, ಸ್ಕ್ವಾಷ್‌ಎಫ್‌ಎಸ್ ತಗೊಳ್ಳಿ. ಏನಾದರೂ ಕೆಡಿಸಿಕೊಂಡರೆ ಫ್ಯಾಕ್ಟರಿ ರೀಸೆಟ್ ಆಗುವುದು ಅದರಲ್ಲಿ ಮಾತ್ರ. ಸಾಮಾನ್ಯ ಪಿಸಿಯಲ್ಲಿ ‘ಈಥ್0’ ಒಳಗೆ, ‘ಈಥ್1’ ಹೊರಗೆ. ತಿರುವುಮುರುವಾಗಿ ಸಿಕ್ಕಿಸಿದರೆ ಪೇಜ್ ತೆರೆಯುವುದಿಲ್ಲ. ಮತ್ತು ಅದರ ವಿಳಾಸ 192.168.1.1, ಹೆಚ್ಚಿನ ಓಎನ್‌ಟಿಯದ್ದೂ ಅದೇ. ಮೊದಲ ಕೆಲಸ ಅದನ್ನು ಬದಲಿಸುವುದು.

ಹಳೆ ಡೆಸ್ಕ್‌ಟಾಪಿನ ಕರೆಂಟು ಲೆಕ್ಕವನ್ನೂ ನೋಡಿ. 50 ವಾಟ್ ತಿನ್ನುವ ಪಿಸಿ ಹಗಲು ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. 10 ವಾಟಿನ ಎನ್100 (ಇಂಟೆಲಿನ ಕಡಿಮೆ ಕರೆಂಟಿನ ಪ್ರೊಸೆಸರ್) ಡಬ್ಬ 7.2 ಯೂನಿಟ್.

ಪಯಸ್ವಿನಿ

ಓಪನ್‌ಡಬ್ಲ್ಯೂಆರ್‌ಟಿ ಒಳ್ಳೆಯದೇ, ಆದರೆ ಲ್ಯಾಬಿನಲ್ಲಿ ಎಲ್ಲ ಮೆಷಿನ್ನೂ ಉಬುಂಟು ಮೂಲದ್ದು. ಮುಂದೆ ಬರುವ ಮಾಷ್ಟ್ರಿಗೆ ಆಪ್ಟ್, ಸಿಸ್ಟಮ್‌ಸಿಟಿಎಲ್ ಆದರೂ ಗೊತ್ತಿರ್ತದೆ. ಅಪ್‌ಡೇಟ್ ತನ್ನಷ್ಟಕ್ಕೆ ಆಗುವ ಸೌಕರ್ಯ ಡೆಬಿಯನ್ನಲ್ಲಿ ಇದ್ದಷ್ಟು ಸಲೀಸು ಅಲ್ಲಿಲ್ಲ. ಸರಿಯಾಗಿ ಓಡುವುದನ್ನು ಕಿತ್ತು ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ. ಕರೆಂಟಿನ ವಿಷಯ ಒಪ್ಪಿದೆ.

ಕೇಬಲ್_ಕುಂಬಳೆ

ಎನ್100 ಡಬ್ಬ ತಗೊಳ್ಳುವವರು ಅದನ್ನು ಓಎನ್‌ಟಿಯ 12 ವೋಲ್ಟ್ 2 ಆಂಪಿಯರ್ ಮಿನಿ ಯುಪಿಎಸ್ಸಿಗೆ ಸಿಕ್ಕಿಸಬೇಡಿ. ಸುಮ್ಮನೆ ಇರುವಾಗ 10 ವಾಟ್ ಸರಿ, ಬೂಟ್ ಆಗುವಾಗ ಅದರ ಎರಡು ಪಟ್ಟಿಗಿಂತ ಜಾಸ್ತಿ ಎಳೀತದೆ. ವೋಲ್ಟೇಜ್ ಕುಸಿದು ರಿಸ್ಟಾರ್ಟ್, ಪುನಃ ಕುಸಿದು ರಿಸ್ಟಾರ್ಟ್. ನೋಡುವವರು ಹಾರ್ಡ್‌ವೇರ್ ಹಾಳು ಎಂದುಕೊಳ್ತಾರೆ. 12 ವೋಲ್ಟ್ 5 ಆಂಪಿಯರಿನ ಯುಪಿಎಸ್, ಇಲ್ಲವೇ ಇನ್ವರ್ಟರಿನ ಲೈನು.

ಲ್ಯಾಬ್‌ಮಾಷ್ಟ್ರು_ಪೆರ್ಲ

ಕ್ಲ್ಯಾಂಪ್ ಮೇಲೆ ತಂದೆ: 1464 ಹೋಗ್ತದೆ, 1465 ಇಲ್ಲ, ಪೋರ್ಟಲ್ ತೆರೆಯಿತು. ಐಐಎಫ್‌ನೇಮ್ ಬದಲಿಸಿದೆ, ಮ್ಯಾಕ್ಸ್‌ಫೇಲ್ 0 ಹಾಕಿದೆ. ಹಳೆ ವೈಫೈ ಡಬ್ಬ ಕಪಾಟಿನ ಹಿಂದೆ ಇತ್ತು.

ಈಗ ಬೇರೆ ಒಂದು. ಪ್ಲಗ್ ಕಿತ್ತು ಹಾಕಿ ಪರೀಕ್ಷೆ ಮಾಡಿದರೆ ಪಿಪಿಪಿ0 ಏಳ್ತದೆ, 8.8.8.8ಕ್ಕೆ ಪಿಂಗ್ ಹೋಗ್ತದೆ, ಹೆಸರು ಮಾತ್ರ ಸಿಗುವುದಿಲ್ಲ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರದ ಸಹಿ ತಾಳೆ ನೋಡುವುದು) ಆನ್ ಉಂಟು.

ಪಯಸ್ವಿನಿ

ರೂಟರಿನಲ್ಲಿ ‘ಡೇಟ್’ ಕೊಟ್ಟು ನೋಡಿ. ಹಿಂದಿನ ಯಾವುದೋ ವರ್ಷ ತೋರಿಸಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ಡಿಎನ್‌ಎಸ್‌ಸೆಕ್ ಸಹಿಗೆ ಶುರು ಮತ್ತು ಕೊನೆಯ ದಿನಾಂಕ ಇರ್ತದೆ. ಗಡಿಯಾರ ತಪ್ಪಿದರೆ ಎಲ್ಲ ಉತ್ತರವೂ ಸುಳ್ಳು ಎಂದು ತಳ್ಳಿ ಹಾಕ್ತದೆ. ಗಡಿಯಾರ ಸರಿ ಮಾಡ್ಲಿಕ್ಕೆ ಎನ್‌ಟಿಪಿ ಬೇಕು, ಎನ್‌ಟಿಪಿ ಸರ್ವರಿನ ಹೆಸರು ಬಿಡಿಸ್ಲಿಕ್ಕೆ ಡಿಎನ್‌ಎಸ್ ಬೇಕು. ಎರಡೂ ಒಂದರ ಮುಖ ಇನ್ನೊಂದು ನೋಡ್ತಾ ಕೂರ್ತದೆ.

ಸೆಲ್ ಬದಲಿಸಿ. ಅದರ ಜತೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ ‘ಡಿಎನ್‌ಎಸ್‌ಸೆಕ್ ಟೈಮ್‌ಸ್ಟ್ಯಾಂಪ್’ ಆಯ್ಕೆಗೆ ಒಂದು ಫೈಲ್ ತೋರಿಸಿ. ಗಡಿಯಾರ ಆ ಫೈಲಿನ ಕಾಲಕ್ಕಿಂತ ಮುಂದೆ ಬರುವ ತನಕ ಸಹಿಯ ದಿನಾಂಕ ನೋಡುವುದಿಲ್ಲ.

ಲ್ಯಾಬ್‌ಮಾಷ್ಟ್ರು_ಪೆರ್ಲ

ಸೆಲ್ಲೇ. ಮಕ್ಕಳ ಮೆಷಿನ್ನಿಗೆ ಡಿಎನ್‌ಎಸ್ ಫಿಲ್ಟರ್ ಹಾಕಿದರೆ ಅವರು ಬೇರೆ ಡಿಎನ್‌ಎಸ್ ಹಾಕಿಕೊಂಡು ದಾಟುವುದನ್ನು ತಡೆಯಬಹುದಾ? ಮತ್ತೆ, ಸಿಸಿಟಿವಿಯನ್ನು ಮನೆಯಿಂದ ನೋಡ್ಲಿಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿದರೆ ಬರುವುದಿಲ್ಲ.

ಮುರಕಲ್ಲು

ಡಿಎನ್‌ಎಸ್: ಪ್ರಿರೌಟಿಂಗ್ ನ್ಯಾಟ್ ಚೈನಿನಲ್ಲಿ ಒಳಗಿನ ಕಾರ್ಡಿನಿಂದ ಬರುವ 53ನೇ ಪೋರ್ಟಿನ ಯುಡಿಪಿ, ಟಿಸಿಪಿ ಎರಡನ್ನೂ ರೂಟರಿಗೇ ರೀಡೈರೆಕ್ಟ್ ಮಾಡಿ. ‘ಐನೆಟ್’ ಟೇಬಲ್ ಆದರೆ ಐಪಿವಿ6 ಕೂಡ ಸೇರ್ತದೆ. 853 ಪೋರ್ಟನ್ನು (ಗುಪ್ತ ಡಿಎನ್‌ಎಸ್ ಹೋಗುವುದು ಅದರಲ್ಲಿ) ಡ್ರಾಪ್ ಬದಲು ರಿಜೆಕ್ಟ್ ಮಾಡಿ. ಡ್ರಾಪ್ ಆದರೆ ಮೆಷಿನ್ ಕಾದು ಕಾದು ನಿಧಾನ ಆಗ್ತದೆ. ಬ್ರೌಸರಿನ ಒಳಗಿನ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ 443ರಲ್ಲಿ ಹೋಗ್ತದೆ, ಪೋರ್ಟ್ ನೋಡಿ ಹಿಡಿಯಲಾಗದು. ಫೈರ್‌ಫಾಕ್ಸಿಗೆ ‘ಯೂಸ್-ಅಪ್ಲಿಕೇಶನ್-ಡಿಎನ್‌ಎಸ್.ನೆಟ್’ ಎಂಬ ಹೆಸರು ಇಲ್ಲ ಎಂದು ಉತ್ತರ ಕೊಟ್ಟರೆ ತಾನಾಗಿ ಆನ್ ಆಗುವುದು ನಿಲ್ತದೆ. ಸೆಟ್ಟಿಂಗಿಗೆ ಹೋಗಿ ಕೈಯಿಂದ ಆನ್ ಮಾಡಿದ ಮಗುವನ್ನು ಇದು ತಡೆಯುವುದಿಲ್ಲ. ಅದಕ್ಕೆ ಮೆಷಿನ್ನಿನಲ್ಲೇ ಬ್ರೌಸರ್ ಪಾಲಿಸಿ ಬೇಕು.

ಸಿಸಿಟಿವಿ: ಪಿಪಿಪಿ0ಯ ವಿಳಾಸ ನೋಡಿ. 100.64ರಿಂದ 100.127ರ ಒಳಗಿನದ್ದಾದರೆ ನೀವು ಸಿಜಿನ್ಯಾಟ್ (ಒಂದೇ ಸಾರ್ವಜನಿಕ ವಿಳಾಸವನ್ನು ಕಂಪೆನಿ ಹಲವರಿಗೆ ಹಂಚುವುದು) ಹಿಂದೆ ಇದ್ದೀರಿ, ಪೋರ್ಟ್ ಫಾರ್ವರ್ಡ್ ಎಷ್ಟು ಸರಿ ಬರೆದರೂ ಪ್ಯಾಕೆಟ್ ನಿಮ್ಮ ತನಕ ಬರುವುದೇ ಇಲ್ಲ. ಸಾರ್ವಜನಿಕ ವಿಳಾಸ ಇರುವ ಒಂದು ಸಣ್ಣ ಬಾಡಿಗೆ ಸರ್ವರಿಗೆ ಶಾಲೆಯಿಂದ ವೈರ್‌ಗಾರ್ಡ್ (ವಿಪಿಎನ್ ಟನೆಲ್) ಹೊರಡಿಸಿ, ‘ಪರ್ಸಿಸ್ಟೆಂಟ್ ಕೀಪ್‌ಅಲೈವ್ 25’ ಹಾಕಿ. ಅದರ ಎಂಟಿಯು 1420 ಇರ್ತದೆ, ಪಿಪಿಪಿಓಇಯ ಮೇಲೆ 1412ಕ್ಕೆ ಇಳಿಸಿ, ಇಲ್ಲಾಂದ್ರೆ ಮೊದಲಿನ ಕಥೆಯೇ ಪುನಃ. ಸಾರ್ವಜನಿಕ ವಿಳಾಸ ಸಿಕ್ಕಿದರೂ ಡಿವಿಆರ್ (ಸಿಸಿಟಿವಿಯ ರೆಕಾರ್ಡರ್) ಅನ್ನು ನೇರ ಹೊರಗೆ ತೆರೆಯಬೇಡಿ.

ಕಂಗಿನಡಿ

ಲ್ಯಾಬಿನಿಂದ ಸ್ಟಾಫ್ ರೂಮಿಗೆ ಕೇಬಲ್ ಎಳೆಯುವಾಗ ಅಂಗಳ ದಾಟಿ ಎಳೀತೀರಾ ಮಾಷ್ಟ್ರೆ?

ಲ್ಯಾಬ್‌ಮಾಷ್ಟ್ರು_ಪೆರ್ಲ

ಹೌದು, ಬೇರೆ ಕಟ್ಟಡ. ಸುಮಾರು 60 ಮೀಟರ್, ಕ್ಯಾಟ್6 ಸಾಕಲ್ಲ?

ಕೇಬಲ್_ಕುಂಬಳೆ

ದೂರಕ್ಕೆ ಸಾಕು, 100 ಮೀಟರ್ ತನಕ ಆಗ್ತದೆ. ಸಿಡಿಲಿಗೆ ಆಗುವುದಿಲ್ಲ. ಪತ್ತನಾಜೆ (ಮೇ ಕೊನೆ) ಹೊತ್ತಿನದ್ದಾಗಲಿ ತುಲಾ ತಿಂಗಳಿನದ್ದಾಗಲಿ (ಅಕ್ಟೋಬರ್-ನವೆಂಬರ್), ಹತ್ತಿರದಲ್ಲಿ ಒಂದು ಹೊಡೆದರೆ ಅಂಗಳದ ತಾಮ್ರದಲ್ಲಿ ಹುಟ್ಟುವ ಸರ್ಜ್ ಸ್ವಿಚ್ಚಿನ ಪೋರ್ಟನ್ನೂ ರೂಟರಿನ ಒಳಗಿನ ಕಾರ್ಡನ್ನೂ ಒಟ್ಟಿಗೆ ಸುಡ್ತದೆ. ಎರಡು ಕಟ್ಟಡದ ಅರ್ತ್ ಬೇರೆ ಬೇರೆ ಆಗಿದ್ದರೆ ಇನ್ನೂ ಕಷ್ಟ. ಅಂಗಳಕ್ಕೆ ಫೈಬರ್ ಹಾಕಿ, ಎರಡು ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಜೋಡಿ.

ಫೈಬರ್ ಎಂದು ಪೂರ್ತಿ ನಿಶ್ಚಿಂತೆಯೂ ಬೇಡ. ಕಂಬದಿಂದ ಬರುವ ಡ್ರಾಪ್ ಕೇಬಲಿನ ಜತೆ ಹೆಚ್ಚಾಗಿ ಉಕ್ಕಿನ ತಂತಿ ಇರ್ತದೆ. ಅದನ್ನು ಓಎನ್‌ಟಿಯ ತನಕ ತರಬೇಡಿ. ಗೋಡೆಯ ಹೊರಗೆ ಕೊಕ್ಕೆಗೆ ಬಿಗಿದು, ತಂತಿಯನ್ನು ಬೇರ್ಪಡಿಸಿ ಅಲ್ಲೇ ಕತ್ತರಿಸಿ, ಒಳಗೆ ಬರುವುದು ಲೋಹ ಇಲ್ಲದ ಫೈಬರ್ ಮಾತ್ರ ಆಗಿರಲಿ. ಬಗ್ಗಿಸುವಾಗ ಮಡಚಬೇಡಿ, ಆದ ಮೇಲೆ ಓಎನ್‌ಟಿ ಪೇಜಿನಲ್ಲಿ ಆಪ್ಟಿಕಲ್ ರಿಸೀವ್ ಪವರ್ ನೋಡಿ. ಮೈನಸ್ 27 ಡಿಬಿಎಂ ಕಡೆಯ ಗೆರೆ, ಮೈನಸ್ 25ಕ್ಕಿಂತ ಕೆಳಗೆ ಇಳಿದರೆ ಕನೆಕ್ಟರ್ ಒರೆಸಿ ಪುನಃ ನೋಡಿ. ಬ್ರಿಜ್ ಮೋಡಿನಲ್ಲಿ ಆ ಪೇಜ್ ಲ್ಯಾಬಿನಿಂದ ತೆರೆಯಬೇಕಾದರೆ ಹೊರಗಿನ ಕಾರ್ಡಿಗೆ 192.168.1.2 ಎಂದು ಒಂದು ವಿಳಾಸ ಸೇರಿಸಿ, ಫಾರ್ವರ್ಡ್ ಚೈನಿನಲ್ಲಿ ಓಎನ್‌ಟಿಯ ವಿಳಾಸಕ್ಕೆ ಮಾತ್ರ ದಾರಿ ಬಿಟ್ಟು, ಆ ಕಾರ್ಡಿನ ಮೇಲೂ ಒಂದು ಮಾಸ್ಕರೇಡ್ ಸಾಲು ಹಾಕಿ.